ನನ್ನ ಪಾಸು ಹಾಕಿಕೊಂಡು ಹೋದವಳು

ಹರೀಶನ ಬಾಯಿಗೆ ಮಣ್ಣು ಬೀಳಲಿ! "ಬರ್ದೇ ಇದ್ದವ್ರ ಜಾಗಕ್ಕೆ ಬೇರೆಯವ್ರು ಬತ್ರು" ಎಂದು ಅವನು ಹೆದರಿಸದಿದ್ದರೆ ನಾನು ದೀಪಾಲಿಯನ್ನು ಕಳಿಸುತ್ತಲೇ ಇರಲಿಲ್ಲ.

ಅಂಕೋಲೆಯ ಮೀನು ಕಾರ್ಖಾನೆಯಲ್ಲಿ ನಾನು ಶೆಟ್ಲಿ, ಅಂದರೆ ಸೀಗಡಿ, ಸುಲಿಯುವವಳು, ಹರೀಶ ನಮ್ಮ ಸೂಪರ್‌ವೈಸರ್. ಒಬ್ಬಳಿಗೆ ಹುಷಾರಿಲ್ಲದಿದ್ದರೆ ಮನೆಯ ಇನ್ನೊಬ್ಬಳು ಅವಳ ಪಾಸು ಹಾಕಿಕೊಂಡು ಹೋಗಿ ಅದೇ ಜಾಗದಲ್ಲಿ ಕೂರುವುದು ನಮ್ಮಲ್ಲಿ ಮೊದಲಿನಿಂದ ಬಂದದ್ದು. ಟೊಪ್ಪಿ, ಮಾಸ್ಕು ಹಾಕಿದ ಮೇಲೆ ಯಾರಾದರೇನು! ಹರೀಶನಿಗೂ ಇದು ಗೊತ್ತು. ಶೆಟ್ಲಿ ಸುಲಿದು ಮುಗಿದರೆ ಅವನಿಗೆ ಸಾಕು.

ಈ ಕೊರೊನಾ ಕಾಲದಲ್ಲಿ ನನಗೆ ಜ್ವರ ಬಂತು. ಗಂಡನ ತಂಗಿ ದೀಪಾಲಿ ನನ್ನ ಪಾಸು ಕೊರಳಿಗೆ ಹಾಕಿಕೊಂಡು ನಮ್ಮೂರು ಕದ್ವಾಡದಲ್ಲಿ ಕಾರ್ಖಾನೆಯ ವ್ಯಾನು ಹತ್ತಿದಳು. "ಸಂಜಿಗೆ ಬತ್ತೆ ವೈನಿ" ಎಂದು ಮೊಲೆಹಾಲು ಕುಡಿಯುವ ತನ್ನ ಮಗಳನ್ನು ಅತ್ತೆಯ ಮಡಿಲಿಗೆ ಹಾಕಿ ಹೋದಳು. ಅವತ್ತೇ ಮಾಲಕರು ಗೇಟು ಹಾಕಿಸಿದರು. ಲಾಕ್‌ಡೌನ್ ಮುಗಿಯುವ ತನಕ ಒಳಗಿದ್ದವರು ಅಲ್ಲೇ ಉಂಡು, ಅಲ್ಲೇ ಮಲಗಿ ಕೆಲಸ ಮಾಡಬೇಕು. ಹೊರಗೆ ಬಂದರೆ ಕೆಲಸ ಹೋಯಿತು.

ಮರುದಿನ ಆಶಾ ಕಾರ್ಯಕರ್ತೆ ಭಾರತಕ್ಕ ಬಂದು, ನನಗೆ ಕೊರೊನಾ ಎಂದು ಬಾಗಿಲಿಗೆ ಚೀಟಿ ಅಂಟಿಸಿದಳು.

"ಹೆದರ್ಬೇಡ ಮಾರಾಯ್ತಿ, ಕೊರೊನಾ ಬಂದವ್ರಿಗೆ ಸಂಬಳದ ರಜೆ ಕೊಡ್ಬೇಕು ಅಂದೇಳಿ ಸರಕಾರದ ಆದೇಶ ಉಂಟು. ಕೇಳು."

ಅಯ್ಯೋ ದೇವರೇ, ಇದನ್ನು ಒಂದು ದಿನ ಮೊದಲು ಹೇಳಬಾರದಿತ್ತೇ! ಹರೀಶನಿಗೆ ಫೋನು ಮಾಡಿದೆ.

"ಹರೀಶಣ್ಣ, ನಾ ರಂಜನಾ. ನಂಗೆ ಕೊರೊನಾ. ರಜೆ ಬೇಕಾಗಿತ್ತು."

"ಯಾವ ರಂಜನಾ? ನಮ್ಮ ರಂಜನಾ ಇಲ್ಲೇ ಕೂತು ಶೆಟ್ಲಿ ಸುಲೀತೆ ಇದ್ದಾಳೆ. ಗಟ್ಟಿಮುಟ್ಟಾಗಿದ್ದಾಳೆ. ಅವ್ಳಿಗೆ ಎಂತಾ ರಜೆ? ನೀವು ಯಾರು ಮಾತಾಡೂದು?"

ಫೋನು ಇಟ್ಟೆ. ಒಳಗಿರುವುದು ದೀಪಾಲಿ ಎಂದರೆ ಮೋಸ ಮಾಡಿದ್ದಕ್ಕೆ ಇಬ್ಬರನ್ನೂ ಓಡಿಸುತ್ತಾರೆ. ಸುಮ್ಮನಿದ್ದರೆ ಕೆಲಸ ಉಳಿಯುತ್ತದೆ, ನನ್ನ ಗಂಡ, ದೀಪಾಲಿಯ ಗಂಡ ಇಬ್ಬರೂ ಬೋಟಿಲ್ಲದೆ ಮಲ್ಪೆಯಲ್ಲಿ ಸಿಕ್ಕಿಬಿದ್ದಿರುವಾಗ ನಾಲ್ಕು ಹೊಟ್ಟೆಗೆ ಗಂಜಿ ಅದೊಂದೇ. ಆದರೆ ಬಾಗಿಲಿನ ಆಚೆ ಮಗು ಬಾಟಲಿ ಮುಟ್ಟದೆ ಕಿರುಚುತ್ತಿತ್ತು. ಎತ್ತಿಕೊಳ್ಳೋಣವೆಂದರೆ ನಾನು ಕೋಣೆಯಿಂದ ಹೊರಗೆ ಬರುವ ಹಾಗಿಲ್ಲ. ಅತ್ತೆ ಬೆಲ್ಲದ ನೀರು ನೆಕ್ಕಿಸಿದರು, ಅದನ್ನೂ ಉಗುಳಿತು. ಅಳುವಿಗೂ ಶಕ್ತಿ ಇಲ್ಲದೆ ಅದರ ದನಿ ಇಳಿಯತೊಡಗಿತು.

ಮತ್ತೆ ಫೋನು ಹಚ್ಚಿದೆ. "ಹರೀಶಣ್ಣ, ನಿಮ್ಮ ಆ ರಂಜನಾಗೆ ಕೆಲ್ಸ ಬೇಡ್ವಂತೆ. ಬಿಟ್ಬಿಟ್ಲು. ಮನೆಗೆ ಕಳ್ಸಿ."

"ಮತ್ತೆ ಒಳಗೆ ತಕಣೂದಿಲ್ಲ, ಹಾಂ!"

"ತಕಣ್ಬೇಡಿ!"

ಸಂಜೆ ಮೀನಿನ ಲಾರಿಯಲ್ಲಿ ದೀಪಾಲಿ ಬಂದಳು. "ವೈನಿ, ನಿಮ್ಮ ಪಾಸು ಗೇಟಲ್ಲೇ ಕಸ್ಕಂಡ್ರು" ಎಂದು ಬಾಗಿಲಾಚೆ ನಿಂತು ಅತ್ತಳು.

"ಸುಡ್ಲಿ ಅದು. ಮೊದ್ಲು ಸ್ನಾನ ಮಾಡಿ ಮಗೂನ್ನ ಎತ್ಕೋ."

ಸ್ವಲ್ಪ ಹೊತ್ತಿನಲ್ಲಿ ಮಗುವಿನ ಅಳು ನಿಂತಿತು. ನಾನು ದಿಂಬು ಕಚ್ಚಿಕೊಂಡು ಅತ್ತುಬಿಟ್ಟೆ, ಆಚೆ ಕೇಳದ ಹಾಗೆ.