ತವರಿನವರು ಯಾರದಾರ?

ಮಹೇಶ್ವರಿ ಮೂರನೆಯ ತಂಬಿಗೆ ಬಿಸಿನೀರನ್ನೂ ಅವ್ವನ ಪಾದಕ್ಕೆ ಸುರಿದು ತಿಕ್ಕಿದಳು. ಹಿಮ್ಮಡಿಯ ಬಿರುಕಿನೊಳಗಿನ ಕೆಸರು ಬಿಡಲೊಲ್ಲದು.

"ಸಾಕು ಬಿಡವ್ವ," ಎಂದಳು ಹೆಣದ ತಲೆಯ ಬಳಿ ಕುಂತಿದ್ದ ಪೀರ್‌ಬೀ. "ಇಪ್ಪತ್ತೆರಡು ವರ್ಷ ನೆಲ್ಲು ಹಚ್ಚಿದ ಕಾಲು. ನಿನ್ನ ಮೂರು ತಂಬಿಗಿ ನೀರಿಗೆ ಹೋಗ್ತೈತೇನು?"

ನಾಟಿ ಗುಂಪಿನ ಹೆಂಗಸರು ನಕ್ಕರು. ಸಾವಿನ ಮನೆಯಲ್ಲಿ ನಗಬಾರದೆಂದು ಯಾರಿಗೂ ಅನ್ನಿಸಲಿಲ್ಲ. ಅವ್ವ ಆದಮ್ಮ ನಿನ್ನೆ ಸಂಜೆಯವರೆಗೂ ಜವಳಗೇರಾದ ಕಾಲುವೆ ಕೆಳಗಿನ ಗದ್ದೆಯಲ್ಲಿ ದುಡಿದು, ಮನೆಗೆ ಬಂದು ಚಹಾ ಕುಡಿದು, ಗೋಡೆಗೊರಗಿದವಳು ಹಾಗೇ ಹೋಗಿದ್ದಳು. ಒಂದು ದಿನ ನರಳಲಿಲ್ಲ, ಯಾರ ಕೈಗೂ ಬೀಳಲಿಲ್ಲ. ಲಿಂಗಸುಗೂರಿನಿಂದ ಓಡಿಬಂದ ಮಗಳಿಗೆ ಅಳುವಿನ ಬೆನ್ನಿಗೇ ಒಂದು ನಿರಾಳವೂ ಬಂದಿತ್ತು.

ಅದು ಅಂಗಳದಿಂದ ಯಮನೂರಪ್ಪ ಕೂಗುವವರೆಗೆ. ಓಣಿಯಲ್ಲಿ ಸಾವಾದರೆ ರೀತಿ ರಿವಾಜು ಹೇಳುವ ಹಿರಿಯ ಅವನೇ.

"ತವರಿನವರು ಯಾರದಾರ? ಸೀರಿ ಒಳಗ ಕೊಡ್ರಿ. ಹೊತ್ತಾಗಾಕತ್ತೈತಿ."

ಹೆಣ್ಣಿಗೆ ಕಡೆಯ ಸೀರೆ ತವರಿನದು. ಅದು ಮೈಮೇಲೆ ಬೀಳದೆ ಹೆಣ ಎತ್ತುವ ಹಾಗಿಲ್ಲ. ಸಂತೆಕಲ್ಲೂರಿನಿಂದ ಬಂದಿದ್ದ ಆದಮ್ಮನ ಅಣ್ಣ ನರಸಣ್ಣ ಎದ್ದು, ಚೀಲದಿಂದ ಸೀರೆ ತೆಗೆದು ಹೊಸ್ತಿಲಾಚೆಯಿಂದ ಚಾಚಿದ.

ಬಿಳಿ ಸೀರೆ. ಅಂಚೂ ಇಲ್ಲ.

ಮಹೇಶ್ವರಿ ಕೈ ಒಡ್ಡಲಿಲ್ಲ.

*

ಮಾವ ತಂದ ಬಿಳಿ ಸೀರೆಯನ್ನು ಅವಳು ಹಿಂದೊಮ್ಮೆ ನೋಡಿದ್ದಳು. ಆಗ ಒಂಬತ್ತು ವರ್ಷ. ಅಪ್ಪ ಜ್ವರದಲ್ಲಿ ತೀರಿದ ಹನ್ನೊಂದನೆಯ ದಿನ ಅವ್ವನ ಬಳೆ ಒಡೆದು, ಅದನ್ನು ಉಡಿಸಿ, ಮೂಲೆಗೆ ಕೂರಿಸಿದ್ದರು. ತಿಂಗಳೊಳಗೆ ಗಂಡನ ಮನೆಯವರು ಹೊರಗೆ ಹಾಕಿದರು. ಅವ್ವ ಮಗಳ ಕೈಹಿಡಿದು ತವರಿಗೆ ಹೋದಳು.

ನರಸಣ್ಣ ಬಾಗಿಲಿಗೇ ಬಂದ. "ಉಂಡು ಹೋಗವ್ವ," ಎಂದ.

ಉಣ್ಣು ಅನ್ನಲಿಲ್ಲ. ಇರು ಅನ್ನಲಿಲ್ಲ. ಉಂಡು ಹೋಗು. ಅವ್ವ ಹೊಸ್ತಿಲು ದಾಟದೆ ತಿರುಗಿದಳು.

ಮಸ್ಕಿಯಲ್ಲಿ ಸಿಕ್ಕ ಬಸ್ಸು ಹತ್ತಿದರು. ಸಿಂಧನೂರು ದಾಟಿ ಜವಳಗೇರಾದ ಬಳಿ ಅದು ಕೆಟ್ಟು ನಿಂತಿತು. ರಸ್ತೆಯ ಕೆಳಗಿನ ಗದ್ದೆಯಲ್ಲಿ ಹೆಂಗಸರ ಸಾಲೊಂದು ಹಿಂದಕ್ಕೆ ಸರಿಯುತ್ತ ಸಸಿ ಹಚ್ಚುತ್ತಿತ್ತು. ನೋಡುತ್ತ ನಿಂತ ಅವ್ವನನ್ನು ಸಾಲಿನ ಮುಂದಾಳು ಕೂಗಿದಳು. ಆಕೆಯೇ ಪೀರ್‌ಬೀ.

"ಏನ್ ನೋಡ್ತೀಬೇ? ಬಗ್ಗಾಕ ಬರ್ತೈತೇನು?"

"ಅದೊಂದ ಕಲಿಸ್ಯಾರವ್ವ ನನಗ."

"ಹಂಗಾರ ಇಳಿ."

ಬದುವಿನ ಮೇಲಿದ್ದ ಗದ್ದೆಯ ಯಜಮಾನ ಸಿಡುಕಿದ. "ಬಿಳಿ ಸೀರಿಯಾಕಿನ್ನ ಇಳಿಸಬ್ಯಾಡ. ಬೆಳಿ ಕೆಡ್ತೈತಿ."

"ಆಕಿ ಇಳೀಬಾರದಂದ್ರ ನಾವೆಲ್ಲ ಮ್ಯಾಲ ಹತ್ತತೀವ್ರಿ ಸಾಹುಕಾರ್ರ."

ಆ ವರ್ಷ ಬೆಳೆ ಕೆಡಲಿಲ್ಲ. ಕೆಟ್ಟದ್ದು ಸೀರೆ, ಒಂದೇ ಹಂಗಾಮಿಗೆ ಕೆಸರಿನ ಬಣ್ಣಕ್ಕೆ ತಿರುಗಿತು. ಅವ್ವ ಮತ್ತೆಂದೂ ಬಿಳಿ ಉಡಲಿಲ್ಲ. ಗದ್ದೆಯಲ್ಲಿ ದುಡಿದೇ ಎರಡು ಕೋಣೆಯ ಈ ಮನೆ ಕಟ್ಟಿದಳು, ಮಗಳನ್ನು ಓದಿಸಿದಳು.

*

"ತಗೋ ಮಗಳ," ನರಸಣ್ಣ ಸೀರೆಯನ್ನು ಇನ್ನಷ್ಟು ಮುಂದಕ್ಕೆ ಚಾಚಿದ. "ಒಡಹುಟ್ಟಿದಾಕಿಗೆ ಇದಿಷ್ಟರ ಮಾಡ್ತೀನಿ."

"ಬ್ಯಾಡ ಮಾವ. ಅವ್ವನ್ನ ಬಿಳೀದ್ರಾಗ ಕಳಸಂಗಿಲ್ಲ ನಾನು."

"ತವರಿನ ಸೀರಿ ಇಲ್ದ ಎತ್ತಾಕ ಬರಂಗಿಲ್ಲ ನೋಡವಾ," ಎಂದ ಯಮನೂರಪ್ಪ.

ಮಹೇಶ್ವರಿ ಹೊಸ್ತಿಲಿಗೆ ಬಂದಳು. "ಯಜ್ಜಾ, ತವರಿನವರು ಯಾರದಾರ ಅಂತ ನೀವ ಕೇಳಿದ್ರಿ. ಹೆಣ್ಣು ಸೋತು ಬಂದಾಗ ಒಳಗ ಕರದೋರು ತವರಿನವರು, ಹೌದಿಲ್ರಿ? ಅವ್ವಗ 'ಇಳಿ' ಅಂತ ಜಾಗ ಕೊಟ್ಟಾಕಿ ಇಲ್ಲೇ ಕುಂತಾಳ. ದೊಡ್ಡವ್ವ, ನೀ ತಾ ಸೀರಿ."

ಪೀರ್‌ಬೀ ಗಾಬರಿಬಿದ್ದಳು. "ಹುಚ್ಚೀ! ನಾ ಸಾಬರಾಕಿ. ನನ್ನ ಸೀರಿ ನಡಿಯಂಗಿಲ್ಲ."

"ಒಂದ ಬುತ್ತಿ ಬಿಚ್ಚಿ ಇಬ್ರೂ ಉಂಡದ್ದು ಹೆಂಗ ನಡೀತು?"

ಯಮನೂರಪ್ಪ ಬಾಯಿ ತೆರೆಯುವಷ್ಟರಲ್ಲಿ ಗುಂಪಿನ ಗ್ಯಾನಮ್ಮ ಒಳಗಿನಿಂದಲೇ ಅಂದಳು, "ಹೆಗಲು ಕೊಡೋರು ನಾವ. ನಿಮಗ ಒಪ್ಪಿಗಿ ಇಲ್ಲಂದ್ರ ನೀವೊಬ್ರ ಎತ್ರಿ ಯಜ್ಜಾ. ನಾವು ಗದ್ದಿಗೆ ಹೊಂಟ್ವಿ."

"ಈ ಸೊಂಟದಾಗ ಎತ್ತಾಕ ಆಗ್ತೈತೇನವಾ ನನಗ!" ಯಮನೂರಪ್ಪ ಕಟ್ಟೆಗೆ ಕುಸಿದ. "ಏನರ ಉಡಸ್ರಿ, ಲಗೂನ ಉಡಸ್ರಿ."

ಪೀರ್‌ಬೀ ಮನೆಗೆ ಹೋಗಿ ತಂದದ್ದು ಮೊಮ್ಮಗಳ ಮದುವೆಗೆ ತಾನು ಉಡಲೆಂದು ಇಟ್ಟುಕೊಂಡಿದ್ದ ಹಸಿರು ಸೀರೆ. ಉಡಿಸುವಾಗ ಅವಳ ಕೈ ಎರಡು ಸಲ ತಪ್ಪಿತು. ಮಹೇಶ್ವರಿ ನೆರಿಗೆ ಹಿಡಿದುಕೊಟ್ಟಳು.

ನರಸಣ್ಣ ಅಂಗಳದಲ್ಲಿ ತಲೆತಗ್ಗಿಸಿ ನಿಂತೇ ಇದ್ದ. "ನಾ ಏನ್ ಮಾಡ್ಲಿ ಹೇಳವ್ವ?"

"ಹೆಗಲು ಕೊಡ್ರಿ ಮಾವ," ಎಂದಳು. ದನಿಯಲ್ಲಿ ಸಿಟ್ಟು ಉಳಿದಿರಲಿಲ್ಲ. "ಮುಂದ ದೊಡ್ಡವ್ವ ಹಿಡೀತಾಳ. ನೀವು ಹಿಂದ ಬರ್ರಿ."

ಚಟ್ಟ ಕಾಲುವೆಯ ದಂಡೆ ಹಿಡಿದು ಸಾಗಿತು. ನಡುದಾರಿಯಲ್ಲಿ ಗಾಳಿ ಎದ್ದಿತು. ಹಸಿರು ಸೆರಗು ಹಾರಿ ನರಸಣ್ಣನ ಮುಖದ ಮೇಲೆ ಬಿತ್ತು. ಎರಡೂ ಕೈಯಲ್ಲಿ ಚಟ್ಟ ಹಿಡಿದಿದ್ದ ಅವನು ಅದನ್ನು ಸರಿಸಿಕೊಳ್ಳಲಾರದೆ, ಅದರೊಳಗಿಂದಲೇ ದಾರಿ ನೋಡುತ್ತ ನಡೆದ.