ಮೊದಲ ತಾಟು

ರಾಬಿಯಾ ಬೆಳಿಗ್ಗೆ ಎದ್ದು ಒಲೆಯ ಬೂದಿ ತೆಗೆದಳು. ಬೆಂಕಿ ಮಾತ್ರ ಹಚ್ಚಲಿಲ್ಲ.

ಗೋಡೆಯಾಚೆ ವಜೀರಬಿಯ ಗಂಡ ಬಂದೇನವಾಜ್ ತೀರಿಕೊಂಡಿದ್ದ. ಹುಮನಾಬಾದಿನ ಆ ಓಣಿಯಲ್ಲಿ ಸಾವಾದ ಮನೆಯವರು ಮೂರು ದಿನ ಒಲೆ ಹೊತ್ತಿಸುವುದಿಲ್ಲ. ಊಟದ ಮೊದಲ ತಾಟು ಒಂದೇ ಗೋಡೆಯ ನೆರೆಮನೆಯಿಂದ ಹೋಗಬೇಕು. ಅದು ಹೋಗುವವರೆಗೆ ಬೇರೆ ಯಾರೂ ಕಳಿಸುವಂತಿಲ್ಲ. ಆ ನೆರೆಮನೆ ರಾಬಿಯಾಳದು.

ಹೋದ ವರ್ಷ ಅವಳ ಗಂಡ ಗಯಾಸುದ್ದೀನ್ ಸತ್ತಾಗ ವಜೀರಬಿಯ ಮನೆಯಿಂದ ತಾಟು ಬರಲಿಲ್ಲ. ರಂಗೂನಿನ ಬಂದರಿನಲ್ಲಿ ಮೂವತ್ತು ವರ್ಷ ದುಡಿದು, ನಲವತ್ತೇಳನೆಯ ಇಸವಿಯಲ್ಲಿ ಬರ್ಮಾದ ಹೆಂಡತಿ ರಾಬಿಯಾಳೊಡನೆ ಅವನು ಹುಟ್ಟೂರಿಗೆ ಮರಳಿದ್ದ. "ಆ ರಂಗೂನವಾಲಿ ಒಣಮೀನ ತಿಂತಾಳ. ಆಕಿ ಮನಿಗೆ ನಮ್ಮ ತಾಟ ಹೋಗೂದಿಲ್ಲ" ಎಂದಿದ್ದಳು ವಜೀರಬಿ. ರಾಬಿಯಾ ಮೂರು ದಿನ ನೆನೆಸಿದ ಅಕ್ಕಿ ತಿಂದಿದ್ದಳು.

ಮಣ್ಣು ಮುಗಿಸಿ ಬಂದ ಎದುರು ಮನೆಯ ಮಹೆಬೂಬ ಬಾಗಿಲಲ್ಲಿ ನಿಂತ.

"ಭಾಬಿ, ಎಲ್ಲಾರೂ ನಿಮ್ಮ ಬಾಗಲಾ ನೋಡಾಕತ್ತಾರ್ರಿ."

"ನೋಡಲಿ. ಹೋದ ವರ್ಷ ನಾ ನಿಮ್ಮ ಬಾಗಲಾ ನೋಡಿದ್ದೆ."

"ಸತ್ತವರ ಮನಿರಿ ಅದು."

"ಇದೂ ಆಗಿತ್ತಲ್ಲ."

ಅವನು ತಲೆ ತಗ್ಗಿಸಿ ಹೋದ. ರಾಬಿಯಾ ಗೋಡೆಗೆ ಒರಗಿ ಕೂತಳು. ಆಚೆ ರೊಟ್ಟಿ ಬಡಿಯುವ ಸದ್ದಿಲ್ಲ. ಆ ಮೌನ ಅವಳಿಗೆ ಬೆಲ್ಲದಂತೆ ರುಚಿಸಿತು.

ಆಗ ಆಚೆಯಿಂದ ವಜೀರಬಿಯ ಸೊಸೆ ತಾಹೇರಾಳ ದನಿ ಕೇಳಿತು. "ಅಮ್ಮಾ, ನಾ ಹೋಗಿ ಕೇಳಲೇನ್ರಿ?"

"ಬ್ಯಾಡ. ನಾ ಏನ ಕೊಟ್ಟಿದ್ದೆ ಅಂತ ಕೇಳ್ತಿ?" ಎಂದಳು ವಜೀರಬಿ.

ರಾಬಿಯಾ ಎದ್ದು ಒಲೆಗೆ ಬೆಂಕಿ ಹಚ್ಚಿದಳು. ಬಾಗಿಲು ಪೂರಾ ತೆರೆದಿಟ್ಟೇ ಒಣಮೀನು ಹುರಿದಳು. ವಾಸನೆ ಓಣಿಯ ತುದಿ ಮುಟ್ಟಿತು. ತಾಟಿಗೆ ಬಟ್ಟೆ ಮುಚ್ಚದೆ ಒಯ್ದು ವಜೀರಬಿಯ ಮುಂದಿಟ್ಟಳು.

"ತಿನ್ನು. ನನ್ನ ಗಂಡಗ ಇದ ಸೇರತಿತ್ತು. ತುತ್ತ ತುತ್ತಿಗೂ ನೆನಪ ಆಗಲಿ ಅಂತ ತಂದೀನಿ."

ತಾಹೇರಾ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ವಜೀರಬಿ ಮುಚ್ಚಿಕೊಳ್ಳಲಿಲ್ಲ. ಒಂದು ತುತ್ತು ತಿಂದಳು, ಮುಳ್ಳು ತೆಗೆದಿಟ್ಟು ಇನ್ನೊಂದು ತಿಂದಳು. ಗಂಡ ಸತ್ತವಳು ಪಾಲಿಸಬೇಕಾದ ಇದ್ದತ್ತಿನಂತೆ ಇನ್ನು ನಾಲ್ಕು ತಿಂಗಳು ಹತ್ತು ದಿನ ಅವಳು ಹೊಸ್ತಿಲು ದಾಟುವಂತಿರಲಿಲ್ಲ.

"ರಾಬಿಯಾ" ಎಂದಳು. ಆ ಹೆಸರು ಅವಳ ಬಾಯಲ್ಲಿ ಬಂದದ್ದು ಅದೇ ಮೊದಲು. "ಅಷ್ಟ ದಿನಾ ಒಬ್ಬಾಕಿನೇ ಹ್ಯಾಂಗ ಇದ್ದಿ?"

ರಾಬಿಯಾ ಒಂದು ವರ್ಷದಿಂದ ಕಹಿ ಮಾತುಗಳನ್ನು ಕೂಡಿಟ್ಟಿದ್ದಳು. ಬಾಯಿಗೆ ಬಂದದ್ದು ಬೇರೆಯೇ.

"ಗ್ವಾಡಿಗೆ ಕಿವಿ ಹಚ್ಚಿ. ನೀವು ಗಂಡ ಹೆಂಡ್ತಿ ಜಗಳಾಡೂದ ಕೇಳಕೋತ."

ಹೊರಗೆ ಮಹೆಬೂಬನ ಮನೆಯ ತಾಟು ಬರುತ್ತಿತ್ತು. ವಜೀರಬಿ ಚಾಪೆಯ ಮೇಲೆ ಸರಿದು ಜಾಗ ಮಾಡಿದಳು.