ಮಾಯಮ್ಮನ ಅವ್ವನ ಚೌಕಟ್ಟು

ಪಿತೃಪಕ್ಷ ಬಂತೆಂದರೆ ಮದ್ದೂರಿನ ಫೋಟೊ ಸ್ಟುಡಿಯೊಗಳಿಗೆ ಸುಗ್ಗಿ. ಬದುಕಿದ್ದಾಗ ಒಂದು ಲೋಟ ಕಾಫಿ ಕೊಡದವರೂ ಸತ್ತ ಅಪ್ಪನಿಗೆ ಚಿನ್ನದ ಬಣ್ಣದ ಚೌಕಟ್ಟೇ ಆಗಬೇಕು ಅಂತ ಹಟ ಹಿಡಿಯುತ್ತಾರೆ. ಹಿಡಿಯಲಿ ಬಿಡಿ, ದೀಪಿಕಳ ಹೊಟ್ಟೆಪಾಡು ನಡೆಯುವುದೇ ಅದರಿಂದ. ಸ್ಟುಡಿಯೊದ ಕಂಪ್ಯೂಟರಿನಲ್ಲಿ ಫೋಟೊಗಳಿಗೆ ಅಂದದ ಅಂಚು ಕಟ್ಟುವುದು ಅವಳ ಕೆಲಸ. ಕಬ್ಬಿನ ಗರಿ, ಕನಕಾಂಬರ, ಕೊಕ್ಕರೆ ಸಾಲು, ಏನು ಕೇಳಿದರೂ ಸುತ್ತ ಹೆಣೆದು, ನಡುವೆ ಕಿಟಕಿ ಕೊರೆದು, ಮುಖ ಕೂರಿಸಿಬಿಡುತ್ತಿದ್ದಳು. ತನ್ನ ಕೈಲಾಗದ ಚೌಕಟ್ಟಿಲ್ಲ ಅನ್ನುವ ಸಣ್ಣ ಜಂಬವೂ ಇತ್ತು.

ಆ ಜಂಬಕ್ಕೆ ತಣ್ಣೀರೆರಚಿದವಳು ಕೊಕ್ಕರೆ ಬೆಳ್ಳೂರಿನ ಮುದುಕಿ ಮಾಯಮ್ಮ.

"ನಮ್ಮವ್ವಂದೊಂದು ಪೋಟ ಮಾಡ್ಕೊಡವ್ವ," ಎಂದಳು ಬಂದವಳೇ.

"ಹಳೇ ಫೋಟೊ ಕೊಡಜ್ಜಿ."

"ಪೋಟ ಇದ್ದಿದ್ರೆ ನಿನ್ತಾವ ಯಾಕ್ ಬತ್ತಿದ್ದೆ?"

ಅವ್ವ ತೀರಿಕೊಂಡಾಗ ಮಾಯಮ್ಮ ಇನ್ನೂ ಸೆರಗು ಹಿಡಿದು ಓಡಾಡುವ ಮಗು. ಅಣ್ಣತಮ್ಮಂದಿರಿಲ್ಲ, ಅವ್ವನಿಗೆ ಎಡೆ ಇಕ್ಕುವವಳು ಇವಳೊಬ್ಬಳೇ. ಮನೆಯ ಗೋಡೆಯಲ್ಲಿ ಅತ್ತೆ, ಮಾವ, ಗಂಡ ಸಾಲಾಗಿ ಕೂತಿದ್ದರು. ಅವ್ವನ ಪಾಲಿಗೆ ಮೂಲೆಯಲ್ಲೊಂದು ಹಿತ್ತಾಳೆ ಚೊಂಬು, ಅವಳ ಎಡೆ ಅದರ ಮುಂದೆಯೇ. ಈ ಸಲ ಮನೆ ತೊಳೆಯುವಾಗ ಸೊಸೆ ರೂಪ, "ಇದ್ಯಾಕತ್ತೆ ಇಲ್ಲಿ, ಎತ್ತಿಡ್ಲಾ?" ಅಂದುಬಿಟ್ಟಿದ್ದಳು.

"ನಾನ್ ಸತ್ತೋದ್ಮೇಲೆ ನಮ್ಮವ್ವ ಅನ್ನೋಳೊಬ್ಳು ಇದ್ಲು ಅಂತ್ಲೇ ಯಾರ್ಗೂ ಗೊತ್ತಾಗಕಿಲ್ಲ ಕಣವ್ವ," ಎಂದಳು ಮಾಯಮ್ಮ.

ಅದೇನು ಮಹಾ ಅಂದುಕೊಂಡ ದೀಪಿಕ ಮಾಯಮ್ಮನದೇ ಫೋಟೊ ತೆಗೆದಳು. ಸುಕ್ಕು ಅಳಿಸಿ, ಕೂದಲು ಕಪ್ಪು ಮಾಡಿ, ಹಣೆಗೆ ಕಾಸಿನಗಲ ಕುಂಕುಮ ಇಟ್ಟಳು. ತೆರೆಯ ಮೇಲೆ ಲಕ್ಷಣವಾದ ಹೆಂಗಸೊಬ್ಬಳು ನಕ್ಕಳು.

"ಯಾರಿವ್ಳು?"

"ನಿಮ್ಮವ್ವ ಇಂಗೇ ಇದ್ರೇನೋ ಅಂತ..."

"ಇದ್ರೇನೋ ಅನ್ನೋಳ್ಗೆಲ್ಲ ನಾನ್ಯಾಕವ್ವ ಎಡೆ ಇಕ್ಲಿ? ಅಳಿಸ್ಬುಡು!"

ದೀಪಿಕಳಿಗೆ ಚುರುಕ್ಕೆಂದಿತು. "ಓಗ್ಲಿ, ಅವ್ರ ಮುಖ ಎಂಗಿತ್ತು? ಒಸಿ ಯೋಳಿ."

"ಗ್ಯಾಪಕಿಲ್ಲ ಕಣವ್ವ," ಎಂದಳು ಮಾಯಮ್ಮ. ಅಷ್ಟು ಹೊತ್ತೂ ಜೋರಾಗಿದ್ದ ದನಿ ಇಳಿದುಹೋಯಿತು.

ಪಾಪ ಅನ್ನಿಸಿತು ದೀಪಿಕಳಿಗೆ. ಮುದುಕಿಯನ್ನು ಬರಿಗೈಲಿ ಕಳಿಸಲು ಮನಸ್ಸು ಬರಲಿಲ್ಲ. ಅಂಚನ್ನಾದರೂ ಕಟ್ಟೋಣ ಎಂದು ಕನಕಾಂಬರದ ಹೂವನ್ನು ಸುತ್ತ ಪೋಣಿಸಿದಳು. ಅಭ್ಯಾಸಬಲದಿಂದ ನಡುವಿನ ಕಿಟಕಿಯನ್ನೂ ಕೊರೆದಳು. ಹಾಗೆ ಕೊರೆದಾಗ ತೆರೆಯ ಮೇಲೆ ಬೂದು, ಬಿಳಿ ಚೌಕಗಳು ಮೂಡುತ್ತವೆ. ಇಲ್ಲಿ ಏನೂ ಇಲ್ಲ ಅನ್ನುವುದಕ್ಕೆ ಕಂಪ್ಯೂಟರು ತೋರಿಸುವ ಗುರುತು ಅದು. ಅದರೊಳಗೆ ಏನಿಡಬೇಕೋ ದೀಪಿಕಳಿಗೆ ತಿಳಿಯಲಿಲ್ಲ.

ಚೀಲ ಎತ್ತಿಕೊಂಡು ಹೊರಟಿದ್ದ ಮಾಯಮ್ಮ ಗಕ್ಕನೆ ನಿಂತಳು.

"ಅಯ್! ಇದ ಎಲ್ಲಿಂದ ತಂದೆ?"

"ಯಾವ್ದಜ್ಜಿ?"

"ಇದೇ, ಈ ಚೌಕ್ಳಿ! ನಮ್ಮವ್ವನ ಸೀರೆ ಕಣವ್ವ ಇದು!"

"ಸೀರೆ ಅಲ್ಲಜ್ಜಿ, ಅದು ಅಲ್ಲೇನೂ..." ಎನ್ನಹೊರಟ ದೀಪಿಕ ಮಾಯಮ್ಮನ ಮುಖ ನೋಡಿ ನಾಲಿಗೆ ಕಚ್ಚಿಕೊಂಡಳು.

ಮಾಯಮ್ಮ ತೆರೆಯನ್ನು ಬೆರಳಿಂದ ಸವರುತ್ತಿದ್ದಳು. "ಮೊಕ ಎಂಗ್ ಗ್ಯಾಪಕ ಇದ್ದಾತು? ಮನೆಗ್ ಯಾರ್ ಬಂದ್ರೂ ನಾಚ್ಕಂಡು ಓಡೋಗಿ ಅವಳ ಮಡ್ಲಲ್ಲಿ ಮೊಕ ಉದುಗ್ಸ್ಕತಿದ್ದೆ. ಕಣ್ ಬುಟ್ರೆ ಇದೇ ಕಾಣ್ತಿದ್ದದ್ದು." ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ಗದರಿದಳು. "ಈ ಬೂದಿ ಬಣ್ಣ ಅಲ್ಲ, ಪಾಚಿ ಅಸ್ರು. ಚೌಕ ಇನ್ನೊಸಿ ದಪ್ಪಕ್ ಮಾಡು."

ದೀಪಿಕ ಹಾಗೇ ಮಾಡಿದಳು. ಅವಳ ಕಣ್ಣೂ ಮಂಜಾಗಿತ್ತು. ಕನಕಾಂಬರದ ಅಂಚು, ಒಳಗೆ ಹಸಿರು ಚೌಕಳಿ, ಅಷ್ಟೇ. ಅಚ್ಚು ಹಾಕಿ, ಗಾಜು ಕೂರಿಸಿ ಕೈಗಿಟ್ಟಳು.

ಮಾಯಮ್ಮ ಸ್ಟುಡಿಯೊ ಮುಂದಿನ ಬೆಂಚಿನ ಮೇಲೆ ಕೂತು ಅದನ್ನು ತೊಡೆಯ ಮೇಲಿಟ್ಟುಕೊಂಡಳು. ಯಾರಾದರೂ ನೋಡುತ್ತಾರಾ ಅಂತ ಅತ್ತಿತ್ತ ಕಣ್ಣಾಡಿಸಿ, ಬಗ್ಗಿ, ಅದರಲ್ಲಿ ಮುಖ ಹುದುಗಿಸಿದಳು. ಬೆಳ್ಳೂರಿನ ಬಸ್ಸು ಬಂದು ಹಾರನ್ ಹೊಡೆದರೂ ತಲೆ ಎತ್ತಲಿಲ್ಲ.